ನಾಲ್ಕು ದೇಶ, ಒಂದೇ ಬೋನಸ್ ಪೂಲ್: ನಮ್ಮ ಅಪ್ರೈಸಲ್ ಕೊನೆಗೂ ಸರಿಹೋದದ್ದು ಹೀಗೆ

ಬೆಂಗಳೂರು, ಜರ್ಮನಿಯ ಸ್ಟುಟ್‌ಗಾರ್ಟ್, ಜಪಾನಿನ ಒಸಾಕಾ, ಅಮೆರಿಕದ ಆಸ್ಟಿನ್. ಎಲ್ಲ ಸೇರಿ ಸುಮಾರು 140 ಜನರ ಫರ್ಮ್‌ವೇರ್ (ಯಂತ್ರದೊಳಗೇ ಕೂರುವ ಸಾಫ್ಟ್‌ವೇರ್) ಟೀಮ್. ಬೋನಸ್ ಪೂಲ್ ಮಾತ್ರ ಒಂದೇ. ಈ ಸಲ ಜಗಳ ಇಲ್ಲದೆ ಹಂಚಿ ಮುಗಿಸಿದ್ದೇವೆ. "ಇದೆಲ್ಲ ಆಗೋ ಮಾತಲ್ಲ" ಎಂದಿದ್ದ ಫೈನಾನ್ಸ್‌ನವರೇ ಈಗ ಬಂದು ನಮ್ಮ ಫಾರ್ಮ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು 1ರಿಂದ 5ರ ರೇಟಿಂಗ್. ಆಸ್ಟಿನ್‌ನಲ್ಲಿ ಹೇಳಿದ ದಿನಕ್ಕೆ ಕೆಲಸ ಮುಗಿಸಿದರೆ ಸಾಕು, 5. ಒಸಾಕಾದಲ್ಲಿ ಇಡೀ ಟೀಮಿಗೆ 3. ನಮ್ಮ ಬೆಂಗಳೂರಿನವರು ಸೆಲ್ಫ್ ರೇಟಿಂಗ್‌ನಲ್ಲಿ ಕಣ್ಣು ಮುಚ್ಚಿ 5 ಹಾಕುತ್ತಾರೆ, ಮ್ಯಾನೇಜರ್ ಹೇಗೂ ಒಂದು ಇಳಿಸುತ್ತಾರಲ್ವಾ, ಕೆ.ಆರ್. ಮಾರ್ಕೆಟ್ಟಿನ ಚೌಕಾಸಿಯ ಹಾಗೆ. ಜರ್ಮನಿಯ ಶಾಲೆಗಳಲ್ಲಿ ಗ್ರೇಡ್ ಉಲ್ಟಾ. ಅಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲು. ಹೊಸದಾಗಿ ಸೇರಿದ ಅಲ್ಲಿನ ಮ್ಯಾನೇಜರ್ ಒಬ್ಬರು ತಮ್ಮ ಒಳ್ಳೆಯ ಎಂಜಿನಿಯರ್‌ಗೆ 2 ಹಾಕಿ ಕಳಿಸಿದ್ದರು. ದುಡ್ಡು ಹೋಗುವ ವಾರದಲ್ಲಿ ಅದು ಕಣ್ಣಿಗೆ ಬಿತ್ತು.

ಇದರ ಮೇಲೆ ಬೆಲ್ ಕರ್ವ್ ಬೇರೆ, ಅಂದರೆ ಪ್ರತಿ ಟೀಮಿನಲ್ಲೂ ಇಂತಿಷ್ಟು ಶೇಕಡಾ ಜನ ಮೇಲೆ, ಇಂತಿಷ್ಟು ಕೆಳಗೆ ಇರಲೇಬೇಕು ಎಂಬ ಕಟ್ಟು. ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟ ಪದ್ಧತಿಯನ್ನು ನಮ್ಮ ಎಚ್‌ಆರ್ ಇನ್ನೂ ಹಿಡಿದುಕೊಂಡಿತ್ತು. ಒಸಾಕಾದಲ್ಲಿ ಇರುವುದೇ ಒಂಬತ್ತು ಜನ. ಅದರಲ್ಲಿ ಕೆಳಗಿನ ಶೇ. 10 ಯಾರು ಅಂತ ಹೇಳುವುದು?

ಆಮೇಲೆ ಕನ್ಸಲ್ಟೆಂಟ್ ಬಂದರು. ಸುಮಾರು 11-12 ಲಕ್ಷ ಅವರಿಗೆ ಹೋಯಿತು. ಒಬ್ಬೊಬ್ಬರ ಅಂಕದಿಂದ ಅವರ ದೇಶದ ಸರಾಸರಿ ಕಳೆದು ನಾರ್ಮಲೈಸ್ ಮಾಡಿ, ಅಂದರೆ ಎಲ್ಲರನ್ನೂ ಒಂದೇ ಅಳತೆಗೆ ತನ್ನಿ ಎಂದರು. ಎಕ್ಸೆಲ್‌ನಲ್ಲಿ ತುಂಬಾ ಚೆನ್ನಾಗಿ ಕಾಣುತ್ತಿತ್ತು. ಆದರೆ ಸರಾಸರಿ ಕಳೆದರೆ ನಾಲ್ಕೂ ಟೀಮು ಸಮ ಅಂತ ಮೊದಲೇ ಒಪ್ಪಿಕೊಂಡಂತೆ. ಒಸಾಕಾ ನಿಜಕ್ಕೂ ನಮ್ಮ ಗಟ್ಟಿ ಟೀಮು. ಅಲ್ಲಿನ ನಡುವಿನವರು ಬೇರೆ ಕಡೆಯ ಮೇಲಿನವರಿಗಿಂತ ಚುರುಕು. ಲೆಕ್ಕದಲ್ಲಿ ಅದು ಪೂರ್ತಿ ಅಳಿಸಿಹೋಯಿತು. ನಡುವಿನ ಅಂಕವನ್ನೇ ತೆಗೆದು 4ರ ಸ್ಕೇಲ್ ಮಾಡಿದಾಗ ಇನ್ನೂ ಚೆಂದ: ಒಸಾಕಾದವರೆಲ್ಲ 2ಕ್ಕೆ ಇಳಿದರು, ಬೋನಸ್ಸೂ ಇಳಿಯಿತು.

ನಾನು ಮ್ಯಾನೇಜರ್‌ಗಳಿಗೆ ಕೇಳಿದ್ದು ಇಷ್ಟೇ. ರೇಟಿಂಗ್ ಕೊನೆಗೆ ಬರಲಿ, ಮೊದಲು ನಡೆದದ್ದನ್ನು ಬರೆಯಿರಿ. ಒಬ್ಬೊಬ್ಬರಿಗೆ ಮೂರು ಪ್ರಸಂಗ, ಒಂದೊಂದಕ್ಕೆ ಐದು ಸಾಲು. ಏನು ತೊಂದರೆ ಇತ್ತು, ಬೇರೆ ಏನು ದಾರಿ ಇತ್ತು, ಇವರು ಮಾಡಿದ್ದೇನು, ಆಮೇಲೆ ಏನಾಯಿತು, ಇದನ್ನು ಕಂಡವರು ಇನ್ಯಾರು. "ಅದ್ಭುತ", "ಪರವಾಗಿಲ್ಲ" ಅಂತ ಹೊಗಳುವ, ತೆಗಳುವ ಪದ ಬಂದರೆ ಹಾಳೆ ವಾಪಸ್. ಹೆಸರು, ಊರು ತೆಗೆದು ಬೇರೆ ಎರಡು ದೇಶದ ಮ್ಯಾನೇಜರ್‌ಗಳಿಗೆ ಕೊಡುವುದು. ಅವರು ಅಂಕ ಹಾಕುವಂತಿಲ್ಲ. ನಮ್ಮ ಕೆಲಸದಿಂದಲೇ ಎತ್ತಿ ಬರೆದಿಟ್ಟ ವಾಕ್ಯಗಳಲ್ಲಿ ಹೊಂದುವುದಕ್ಕೆ ಟಿಕ್ ಮಾಡಬೇಕು. "ಕಸ್ಟಮರ್ ಹೇಳುವ ಮೊದಲೇ ದೋಷ ಹಿಡಿದು, ಮತ್ತೆ ಬರದ ಹಾಗೆ ಟೆಸ್ಟ್ ಸೇರಿಸಿದರು" ಅಂತ ಒಂದು. ಯಾವ ವಾಕ್ಯಕ್ಕೆ ಎಷ್ಟು ಅಂಕ ಅಂತ ಇರುವುದು ಬೇರೆ ಶೀಟಿನಲ್ಲಿ.

ಒಸಾಕಾದ ಒಬ್ಬರ ಹಳೆಯ ಅಪ್ರೈಸಲ್‌ನಲ್ಲಿ ಇದ್ದದ್ದು "ಚಾರ್ಜಿಂಗ್ ಟೆಸ್ಟಿಗೆ ಸಹಾಯ ಮಾಡಿದರು, ಇನ್ನೂ ಕಲಿಯುವುದಿದೆ" ಎಂಬ ಒಂದು ಸಾಲು. ಅದೇ ಕೆಲಸವನ್ನು ಐದು ಸಾಲಿನಲ್ಲಿ ಬರೆಸಿದಾಗ ಹೊರಬಂದದ್ದು: ಥಂಡಿಯಲ್ಲಿ ಚಾರ್ಜರ್ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು, ಇವರು ರಾತ್ರಿಯ ಲಾಗ್‌ಗಳನ್ನು ಕೂತು ಓದಿ ಹಿಡಿದರು, ರಿಲೀಸ್ ನಿಲ್ಲಿಸಿ ಎಂದರು, ನಿಂತಿತು. ಹೆಸರಿಲ್ಲದ ಆ ಹಾಳೆಗೆ ಆಸ್ಟಿನ್ ಮ್ಯಾನೇಜರ್ ಹೆಚ್ಚು ಅಂಕವಿರುವ ವಾಕ್ಯಕ್ಕೆ ಟಿಕ್ ಹಾಕಿದರು. ಅದು ಯಾರದು ಅಂತ ಆಮೇಲೆ ಹೇಳಿದಾಗ ಒಸಾಕಾ ಮ್ಯಾನೇಜರ್‌ಗೇ ಮುಜುಗರ.

ಅನುವಾದದಲ್ಲಿ ದುಡ್ಡು ಉಳಿಸೋಣ ಅಂತ ಮೆಷಿನ್‌ಗೆ ಕೊಟ್ಟು ನೋಡಿದೆವು. ಜಪಾನಿ ಬರವಣಿಗೆಯಲ್ಲಿ ಕೆಲಸ ಮಾಡಿದವರು ಯಾರು ಅಂತ ಹೇಳದೆಯೇ ವಾಕ್ಯ ಮುಗಿಯುತ್ತದೆ. ಮೆಷಿನ್ ಸುಮ್ನೆ "ನಾವು" ಅಂತ ಸೇರಿಸಿಬಿಟ್ಟಿತ್ತು. ಯಾರು ಮಾಡಿದ್ದು ಅಂತ ಗೊತ್ತಾಗದಿದ್ದರೆ ಅಪ್ರೈಸಲ್ ಯಾಕೆ? ಲಕ್ಷ, ಒಂದೂಕಾಲು ಲಕ್ಷ ಕೊಟ್ಟು ಅನುವಾದಕರನ್ನೇ ಹಿಡಿದೆವು.

ಬೆಂಗಳೂರಿನ ಹಾಳೆಗಳಲ್ಲಿ ಬೇರೆ ಕಾಯಿಲೆ. "ಶನಿವಾರ ಭಾನುವಾರವೂ ಕೂತು ಮಾಡಿದ" ಅಂತ ಪ್ರತಿ ಮೂರನೆಯದರಲ್ಲಿ. ಸ್ಟುಟ್‌ಗಾರ್ಟ್‌ನವರು ಓದಿ ಕೇಳಿದರು: ಭಾನುವಾರ ಯಾಕೆ ಕೂರಬೇಕಾಯಿತು, ಪ್ಲ್ಯಾನಿಂಗ್ ಸರಿ ಇರಲಿಲ್ವಾ? ನಮ್ಮವರಿಗೆ ಉರಿಯಿತು. ಆದರೆ ಪ್ರಶ್ನೆ ಸರಿ. ಈಗ ಎಷ್ಟು ಹೊತ್ತು ಕೂತರು ಅಂತ ಬರೆಯುವಂತಿಲ್ಲ.

ಜರ್ಮನಿಯಲ್ಲಿ ಮೌಲ್ಯಮಾಪನದ ನಿಯಮಗಳಿಗೆ ವರ್ಕ್ಸ್ ಕೌನ್ಸಿಲ್ (ನೌಕರರೇ ಆರಿಸಿದ ಪ್ರತಿನಿಧಿ ಮಂಡಳಿ) ಒಪ್ಪಿಗೆ ಬೇಕು, ಆ ಕೌನ್ಸಿಲ್‌ಗಳ ಕುರಿತ ಅಲ್ಲಿನ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ. ನಾಲ್ಕೈದು ತಿಂಗಳು ಅಲ್ಲೇ ಹೋಯಿತು. ಯಾರು ಎಷ್ಟು ಟಿಕೆಟ್ (ಸಿಸ್ಟಮ್‌ನಲ್ಲಿ ನಮೂದಾದ ಕೆಲಸ, ದೂರು) ಮುಚ್ಚಿದರು ಎಂಬ ಎಣಿಕೆಯನ್ನು ಸಿಸ್ಟಮ್‌ನಿಂದ ತಾನಾಗಿ ಎಳೆಯುವುದಕ್ಕೂ ಅವರು ತಡೆ ಹಾಕಿದರು. ಬೈದುಕೊಂಡೇ ಎಲ್ಲ ದೇಶಕ್ಕೂ ಅದನ್ನು ತೆಗೆದೆ. ಒಳ್ಳೆಯದೇ ಆಯಿತು. ಆ ಎಣಿಕೆಯಲ್ಲಿ ಸಣ್ಣ ಸಣ್ಣ ಟಿಕೆಟ್ ಮುಚ್ಚುವ ನಮ್ಮ ನೈಟ್ ಶಿಫ್ಟ್ ಸದಾ ಮುಂದಿರುತ್ತಿತ್ತು.

ಖರ್ಚು ಕೇಳಿದರೆ, ಒಬ್ಬರ ಹಾಳೆ ಬರೆಯೋಕೆ ಮುಕ್ಕಾಲು ಗಂಟೆ, ಓದುವ ಇಬ್ಬರಿಗೆ ಕಾಲು ಕಾಲು ಗಂಟೆ. ಒಟ್ಟು 170-180 ಗಂಟೆ. ಹಿಂದೆ ನಾಲ್ಕೂ ಕಡೆಯ ರೇಟಿಂಗ್ ಹೋಲಿಸಿ ಸರಿದೂಗಿಸುವ ಕ್ಯಾಲಿಬ್ರೇಷನ್ ಮೀಟಿಂಗ್‌ಗಳೇ ಅದಕ್ಕಿಂತ ಜಾಸ್ತಿ ತಿನ್ನುತ್ತಿದ್ದವು. ಸ್ಟುಟ್‌ಗಾರ್ಟ್‌ನ ಮಧ್ಯಾಹ್ನ 3ಕ್ಕೆ ಇಟ್ಟರೆ ಬೇಸಿಗೆಯಲ್ಲಿ ಒಸಾಕಾಗೆ ರಾತ್ರಿ 10. ಪಾಪ, ಆ ಹೊತ್ತಿನಲ್ಲಿ ಅವರು ವಾದ ಮಾಡುತ್ತಾರಾ? ತಲೆ ಎಣಿಸಿದರೆ ಶೇ. 6ರ ಮೇಲಿದ್ದ ಒಸಾಕಾಗೆ ಪೂಲ್‌ನಲ್ಲಿ ಶೇ. 4 ಸಿಗುತ್ತಿತ್ತು, ಈಗ 8ರ ಹತ್ತಿರ.

ಇಬ್ಬರು ಓದುಗರ ಟಿಕ್ ಹೊಂದದಿದ್ದಾಗ ಬರೆದ ಮ್ಯಾನೇಜರ್‌ಗೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಅವು ಯಾವುವು ಅಂತ ಇಲ್ಲಿ ಹೇಳಲ್ಲ. ಹೇಳಿದರೆ ಮುಂದಿನ ವರ್ಷ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಆಸ್ಟಿನ್‌ನಲ್ಲಿ ಬೋನಸ್ ಇಳಿದ ಇಬ್ಬರು ದೂರು ಕೊಟ್ಟರು. ಇಬ್ಬರಿಗೂ ಅವರವರ ಹಾಳೆ ತೋರಿಸಿದೆ. ಒಬ್ಬರು ಬಿಟ್ಟುಹೋಗಿದ್ದ ಪ್ರಸಂಗ ಸೇರಿಸಿದರು, ಹೊಸ ಓದುಗರಿಗೆ ಕಳಿಸಿದೆವು, ಬೋನಸ್ ಏರಿತು. ಇನ್ನೊಬ್ಬರು ಸೇರಿಸಲು ಏನೂ ಇಲ್ಲ ಎಂದು ಸಹಿ ಹಾಕಿದರು.