ಬಾನೆಟ್ ಎತ್ತುವ ಮೊದಲು ಕೆಳಗೆ ಮಲಗಿ: ಹಳೇ ಫಿಯಟ್ ಮನೆಯಲ್ಲೇ ಸರಿಮಾಡಿದ ನನ್ನ ಅನುಭವ

ಹಳೇ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನಾನು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗುತ್ತೇನೆ. ಪ್ರೀಮಿಯರ್ ಪದ್ಮಿನಿಗೆ (ನಮ್ಮೂರಲ್ಲಿ ಅದು ಇವತ್ತಿಗೂ ಫಿಯಟ್ಟೇ) ಜೀಪಿನ ಹಾಗೆ ಬೇರೆ ಚಾಸಿಸ್ (ಭಾರ ಹೊರುವ ಅಡಿಚೌಕಟ್ಟು) ಇಲ್ಲ, ಬಾಡಿಯೇ ಚಾಸಿಸ್. ಎಂಜಿನ್ ಹೋದರೆ ಇನ್ನೊಂದು ತಂದು ಕೂರಿಸಬಹುದು. ತಳ ತುಕ್ಕು ತಿಂದು ಹೋಗಿದ್ದರೆ ಮಾತ್ರ ಕಾರು ಕೊಂಡಂತಲ್ಲ, ಕಬ್ಬಿಣದ ಪುಡಿ ಕೊಂಡಂತೆ.

ನಾನಿರುವುದು ಉಡುಪಿ ಕಡೆ. ಉಪ್ಪುಗಾಳಿ, ಜೊತೆಗೆ ನಾಲ್ಕು ತಿಂಗಳ ಮಳೆ. ಕರಾವಳಿಯಲ್ಲೇ ಬಾಳಿದ ಫಿಯಟ್‌ಗಳ ಬಾಗಿಲಿನ ಕೆಳಅಂಚು, ಫುಟ್‌ಬೋರ್ಡ್ (ಬಾಗಿಲಿನ ಕೆಳಗಿನ ಉದ್ದ ಪಟ್ಟಿ), ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿಯ ಅಡಿ ಯಾವುದೂ ನೆಟ್ಟಗಿರುವುದಿಲ್ಲ. ಅದಕ್ಕೇ ಬಯಲುಸೀಮೆ ಗಾಡಿ ಹುಡುಕಿದೆ. ಚಿತ್ರದುರ್ಗದ ಕಡೆ 1984ರ ಮಾಡೆಲ್ ಒಂದು ಸಿಕ್ಕಿತು. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದರಿಂದ ಎಂಜಿನ್ ಜಾಮ್ ಆಗಿತ್ತು, ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ನೋಡಲು ಹೋಗುವಾಗ ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಬಾಡಿಯ ಮೇಲೆ ಆಡಿಸುತ್ತಾ ಹೋದರೆ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ (ತೂತು ಮುಚ್ಚುವ ಪೇಸ್ಟ್) ಮೆತ್ತಿದ್ದಾರೆ ಎಂದರ್ಥ. ಮಾರುವವರಿಗೆ ಇದು ಹಿಡಿಸುವುದಿಲ್ಲ. ಚಾಸಿಸ್ ನಂಬರು, ಎಂಜಿನ್ ನಂಬರು ಆರ್‌ಸಿಗೆ ಹೊಂದುತ್ತದೆಯೇ ಎಂದೂ ಅಲ್ಲೇ ನೋಡಿಕೊಳ್ಳಬೇಕು. ದುಡ್ಡು ಕೊಟ್ಟ ಮೇಲೆ ನೋಡಿ ಪ್ರಯೋಜನವಿಲ್ಲ.

ಫಿಯಟ್ಟೇ ಏಕೆ ಎಂದು ಕೇಳುವವರಿದ್ದಾರೆ. ಬಿಡಿಭಾಗ ಸಿಗುತ್ತದೆ, ಅದೊಂದೇ ಕಾರಣ. 1964ರಲ್ಲಿ ಇಲ್ಲಿ ಫಿಯಟ್ 1100 ಡಿಲೈಟ್ ಬಂತು, ಆಮೇಲೆ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ. ಹೆಸರು ಬದಲಾದರೂ ಒಳಗೆ ಅದೇ 1089 ಸಿಸಿ ಎಂಜಿನ್, ಅದೇ ಹ್ಯಾಂಡ್ ಗೇರ್ (ಸ್ಟೀರಿಂಗ್ ಪಕ್ಕದಲ್ಲೇ ಇರುವ ಗೇರ್ ಕಡ್ಡಿ). ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ವರೆಗೂ ಓಡಿದವು. ಅವುಗಳ ಹೊಟ್ಟೆಪಾಡಿಗೆಂದು ತಯಾರಾದ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಇನ್ನೂ ಸಿಗುತ್ತದೆ. ಗುಜರಿಗೆ ಹೋಗುವಾಗ ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬಾಯಲ್ಲಿ ವಿವರಿಸಿದರೆ ಇನ್ಯಾವುದನ್ನೋ ಕಟ್ಟಿಕೊಡುತ್ತಾರೆ.

ಮನೆ ಹಿಂದೆ ಶೀಟು ಹೊದಿಸಿದ ಮಾಡಿನಲ್ಲಿ ಕೆಲಸ ಶುರುಮಾಡಿದೆ. ನಮ್ಮ ಕಡೆಯವರಿಗೆ ಒಂದು ಮಾತು: ಗಾಡಿ ಎತ್ತಿ ಕೆಳಗೆ ಮುರಕಲ್ಲು (ಮನೆ ಕಟ್ಟುವ ಕೆಂಪುಕಲ್ಲು) ಇಡಬೇಡಿ. ಅಂಗಳದಲ್ಲೇ ಬಿದ್ದಿರುತ್ತದೆ, ಗಟ್ಟಿ ಕಾಣುತ್ತದೆ, ಆದರೆ ಒಂದೇ ಕಡೆ ಭಾರ ಬಿದ್ದರೆ ಹುಡಿಯಾಗುತ್ತದೆ. ಹಾಲೋ ಬ್ಲಾಕೂ ಅಷ್ಟೇ. ಕಬ್ಬಿಣದ ಸ್ಟ್ಯಾಂಡ್ ಇಲ್ಲವೇ ಗಟ್ಟಿಮರದ ದಿಮ್ಮಿ. ಬರೀ ಜಾಕ್ ನಂಬಿ ಕೆಳಗೆ ನುಸುಳುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಮೊದಲು ಹಿಡಿದದ್ದು ತಳದ ಕೆಲಸ. ತುಕ್ಕು ಹಿಡಿದ ತಗಡನ್ನು ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಬೇಕು. ‘ಇಷ್ಟು ಸಾಕು’ ಅನ್ನಿಸಿದ ಜಾಗದಿಂದ ಇನ್ನೂ ಎರಡು ಬೆರಳು ಆಚೆಗೆ. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಆಂಗಲ್ ಬೆಸೆದು ಬಿಗಿಮಾಡಿದೆ. ಚಾಸಿಸ್ ಇಲ್ಲದ ಗಾಡಿ, ಫುಟ್‌ಬೋರ್ಡ್ ಕಳಚಿದರೆ ನಡು ಜಗ್ಗುತ್ತದೆ. ಆಮೇಲೆ ಎಷ್ಟು ಗುದ್ದಿದರೂ ಬಾಗಿಲು ಕೂರುವುದಿಲ್ಲ. ಹೊಸದಕ್ಕೆ 18 ಗೇಜಿನ ತಗಡು. ಸಾದಾ ಆರ್ಕ್ ವೆಲ್ಡಿಂಗ್ ಇದನ್ನು ತೂತು ಮಾಡುತ್ತದೆ, ಹಾಗಾಗಿ ತೆಳು ತಗಡಿಗೆ ಹೊಂದುವ ಮಿಗ್ ವೆಲ್ಡಿಂಗ್ ಮೆಷಿನ್ ಇರುವ ಟಿಂಕರಿಂಗ್‌ನವರನ್ನು ಮನೆಗೇ ಕರೆಸಿದೆ. ಅಳತೆ, ಕತ್ತರಿ, ಉಜ್ಜುವುದು ನನ್ನದು, ಬೆಸುಗೆ ಅವರದ್ದು. ಒಂದೇ ಕಡೆಯಿಂದ ಉದ್ದಕ್ಕೆ ಬೆಸೆದರೆ ಬಿಸಿಗೆ ತಗಡು ಮುದುಡುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ ಹಾಕುತ್ತಾ ನಿಧಾನಕ್ಕೆ ಕೂಡಿಸಬೇಕು. ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಅಂಡರ್‌ಬಾಡಿ ಕೋಟಿಂಗ್.

ಬ್ರಾಕೆಟ್, ಹಿಂಜ್, ಬೋಲ್ಟ್, ಜಾಕಿನ ಹ್ಯಾಂಡಲ್‌ನಂಥ ಸಣ್ಣಪುಟ್ಟ ಸಾಮಾನಿನ ತುಕ್ಕು ಬಿಡಿಸಲು ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬಳಸಿದೆ. ಕಬ್ಬಿನ ಕಾಕಂಬಿ ಒಂದು ಪಾಲಿಗೆ ನೀರು ಒಂಬತ್ತು ಪಾಲು, ಒಂದು ಪ್ಲಾಸ್ಟಿಕ್ ಡ್ರಮ್. ಎರಡು ಮೂರು ವಾರ ಮುಳುಗಿಸಿಟ್ಟು ತೆಗೆದು ನೀರು ಬಿಟ್ಟು ಉಜ್ಜಿದರೆ ತುಕ್ಕು ಕೆಸರಿನಂತೆ ಜಾರಿಹೋಗುತ್ತದೆ, ಒಳಗಿನ ಗಟ್ಟಿ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಆಸಿಡ್ ಹಾಗಲ್ಲ, ಅದಕ್ಕೆ ತುಕ್ಕೂ ಒಂದೇ ಕಬ್ಬಿಣವೂ ಒಂದೇ. ಆದರೆ ಅಲ್ಯೂಮಿನಿಯಂ ಸಾಮಾನನ್ನು ಕಾಕಂಬಿಗೆ ಹಾಕಬಾರದು, ತಿಂದುಬಿಡುತ್ತದೆ. ಕಾರ್ಬೊರೇಟರ್ ಅಂತೂ ಅದರ ಹತ್ತಿರಕ್ಕೂ ಬರಬಾರದು. ಡ್ರಮ್ ಮೇಲೆ ನೊರೆ ಕಟ್ಟುತ್ತದೆ, ಹುಳಿನಾತ ಬರುತ್ತದೆ, ನೊಣ ಮುತ್ತುತ್ತವೆ. ಮನೆಯವರ ಮಾತು ಕೇಳಿ ಡ್ರಮ್ಮನ್ನು ತೋಟದ ಮೂಲೆಗೆ ಸಾಗಿಸಬೇಕಾಯಿತು. ತೊಳೆದು ತೆಗೆದ ಸಾಮಾನನ್ನು ಅವತ್ತೇ ಒಣಗಿಸಿ ಪ್ರೈಮರ್ ಹೊಡೆಯಬೇಕು, ನಮ್ಮ ಹವೆಗೆ ಬೆಳಗಾಗುವುದರೊಳಗೆ ಮತ್ತೆ ಕೆಂಪಾಗುತ್ತದೆ.

ಜಾಮ್ ಆದ ಎಂಜಿನ್ನಿಗೆ ಅವಸರ ಮಾಡಿ ಸೆಲ್ಫ್ ಹೊಡೆಯಬಾರದು. ನಾಲ್ಕೂ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದೆ, ನಡುನಡುವೆ ಮತ್ತಷ್ಟು ಸುರಿಯುತ್ತಾ ಬಿಟ್ಟೆ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಳ್ಳಿದರೆ ಒಂದು ಹೊತ್ತಿಗೆ ‘ಟಕ್’ ಎಂದು ಬಿಡುತ್ತದೆ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿ ಲೇತಿಗೆ ಕೊಟ್ಟೆ. ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಒಮ್ಮೆ ಚೆನ್ನಾಗಿ ಬಿಸಿಯಾದರೂ ಹೆಡ್ ಸೊಟ್ಟಗಾಗುತ್ತದೆ, ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ನೀರು ಸೋರುತ್ತದೆ. ಸಮ ಮಾಡಿಸಿಯೇ ಹಾಕಬೇಕು. ರೇಡಿಯೇಟರಿಗೆ ಬಾವಿ ನೀರಿನ ಬದಲು ಕೂಲೆಂಟ್. ಎರಡು ಬಗೆಯ ಲೋಹ ಒಂದೇ ನೀರಿನಲ್ಲಿ ಇರುವ ಕಡೆ ಇದರಲ್ಲಿ ಜಿಪುಣತನ ಸಲ್ಲದು.

ಎಂಜಿನ್ ಸದ್ದು ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಮಾತ್ರ ಅದಕ್ಕಿಂತ ಮುಂಚೆ ಬ್ರೇಕ್ ಮುಗಿಸಿದೆ. ಡ್ರಮ್ ಬಿಚ್ಚಿದಾಗ ಒಳಗಿನ ದೂಳನ್ನು ಊದಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ. ವೀಲ್ ಸಿಲಿಂಡರಿನ ಒಳಮೈಯಲ್ಲಿ ಉಗುರಿಗೆ ತಾಗುವಷ್ಟು ಗುಳಿ ಇದ್ದರೆ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯಲು ಮಗನನ್ನು ಪೆಡಲ್ ಮೇಲೆ ಕೂರಿಸಿದೆ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ‘ಒತ್ತು, ಹಿಡ್ಕೋ’ ಎಂದು ನಾನು ಕೆಳಗಿನಿಂದ ಕೂಗಿದರೆ, ‘ಹಿಡ್ಕೊಂಡೇ ಇದ್ದೇನೆ ಅಪ್ಪ, ನೀವು ನಟ್ ಬಿಗಿ ಮಾಡಿ’ ಎಂದು ಅವನು ಮೇಲಿನಿಂದ.

ಇಗ್ನಿಷನ್ ಸುಲಭ. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪಾಯಿಂಟಿಗೆ ಎಮೆರಿ ಕಾಗದ, ಸುಮಾರು 0.4 ಮಿ.ಮೀ. ಗ್ಯಾಪ್. ಟೈಮಿಂಗ್ ಲೈಟ್ ಇಲ್ಲದಿದ್ದರೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್ ಪಾಯಿಂಟಿಗೆ ಬರುವ ಸಣ್ಣ ತಂತಿಗೂ ಬಾಡಿಗೂ ನಡುವೆ 12 ವೋಲ್ಟಿನ ಬಲ್ಬ್ ಕಟ್ಟಿ, ಪಾಯಿಂಟ್ ಬಿಟ್ಟ ಕ್ಷಣ ಬಲ್ಬ್ ಹೊತ್ತಿಕೊಳ್ಳುತ್ತದೆ. ಈಗ ಬರುವ ಕಂಡೆನ್ಸರ್‌ಗಳನ್ನು ನಂಬಲಾಗದು, ಗಾಡಿಯಲ್ಲಿ ಇನ್ನೊಂದು ಇಟ್ಟುಕೊಂಡಿರಿ. ಪೇಂಟ್ ನಾನು ಹೊಡೆಯಲಿಲ್ಲ, ಬಿಸಿಲಿನ ತಿಂಗಳಲ್ಲಿ ಬೂತ್ ಇರುವ ಕಡೆ ಕೊಟ್ಟೆ. ಮಳೆಗಾಲದ ತೇವದಲ್ಲಿ ಬಣ್ಣ ಮಂಕಾಗುತ್ತದೆ.

ಕಾಗದಪತ್ರದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ₹600 ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ ₹5,000ಕ್ಕೆ ಏರಿತ್ತು, ಈಗಿನ ದರ ಎಷ್ಟೆಂದು ಕೇಳಿ ತಿಳಿದುಕೊಳ್ಳಿ. 2021ರ ನಿಯಮದ ವಿಂಟೇಜ್ ನೋಂದಣಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ಮಾತ್ರ. ನನ್ನದಕ್ಕೆ ಇನ್ನೂ ಆ ವಯಸ್ಸಾಗಿಲ್ಲ. ಆ ನೋಂದಣಿಯಾದರೆ ದಿನಬಳಕೆಗೆ ಓಡಿಸುವಂತಿಲ್ಲ, ಹಾಗಾಗಿ ನನಗೆ ಅದು ಬೇಕೂ ಇಲ್ಲ.

ಈಗಿನ ತಲೆನೋವು ಎಥನಾಲ್ ಬೆರೆಸಿದ ಪೆಟ್ರೋಲು. ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಉಬ್ಬುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ನಿಂತ ಗಾಡಿಯ ಟ್ಯಾಂಕಿನೊಳಗೆ ತುಕ್ಕು ಹುಟ್ಟುತ್ತದೆ. ಎಥನಾಲ್ ತಾಳುವ ಪೈಪು, ಡಯಾಫ್ರಮ್ ಹಾಕಿಸಿದ್ದೇನೆ. ಜೂನ್ ಬರುವ ಮೊದಲು ಟ್ಯಾಂಕನ್ನೂ ಕಾರ್ಬೊರೇಟರಿನ ಬಟ್ಟಲನ್ನೂ ಬರಿದು ಮಾಡಿ, ಬ್ಯಾಟರಿ ತಂತಿ ಬಿಚ್ಚಿ, ಗಾಡಿಯನ್ನು ದಿಮ್ಮಿಯ ಮೇಲೆ ಏರಿಸಿಡುತ್ತೇನೆ. ಸ್ಟೀರಿಂಗ್‌ನಲ್ಲಿ ಇನ್ನೂ ನಾಲ್ಕು ಬೆರಳು ಆಟ ಇದೆ. ಬರುವ ಮಳೆಗಾಲದಲ್ಲಿ ಅದರ ಗೇರ್ ಬಾಕ್ಸ್ (ಸ್ಟೀರಿಂಗ್ ಬಾಕ್ಸ್) ಬಿಚ್ಚಬೇಕು. ಅದರೊಳಗಿನ ಸೆಕ್ಟರ್ ಶಾಫ್ಟ್ ಎಂಬ ದಂಡ, ಹಳೆಯದಾದರೂ ಸವೆಯದ್ದು, ಒಂದು ಬೇಕೆಂದು ಗುಜರಿಯವರಿಗೆ ಹೇಳಿಟ್ಟಿದ್ದೇನೆ.