ಡ್ರಮ್ ಆಂಡ್ ಬೇಸ್ ಕೇಳೋಕೆ ಎಲ್ಲಿಂದ ಶುರು ಮಾಡಬೇಕು?

ಡ್ರಮ್ ಆಂಡ್ ಬೇಸ್ ಅಂದರೆ ಬ್ರಿಟನ್ನಿನಲ್ಲಿ ಹುಟ್ಟಿದ, ಓಡುವ ಡ್ರಮ್ಮು ಮತ್ತು ತಗ್ಗಿನ ಬೇಸಿನ ಕುಣಿತದ ಸಂಗೀತ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ನಾನು ಮೊದಲ ಸಲ ಹಾಗೇ ಕೇಳಿ, ಯಾರೋ ಸ್ಟೀಲ್ ಡಬ್ಬಿಯಲ್ಲಿ ಕಡಲೆಬೀಜ ಹಾಕಿ ಅಲ್ಲಾಡಿಸುತ್ತಿದ್ದಾರೆ ಅಂದುಕೊಂಡು ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ತಪ್ಪು ನನ್ನದೇ. ಹೆಸರಿನಲ್ಲೇ ಎರಡು ಇದೆ, ನಾನು ಕೇಳಿದ್ದು ಒಂದೇ. ಬೇಸ್ ಇಲ್ಲಿ 40ರಿಂದ 60 ಹರ್ಟ್ಜ್ ಆಸುಪಾಸಿನಲ್ಲಿ ಓಡಾಡುತ್ತದೆ. ಅಷ್ಟು ತಗ್ಗಿನ ಸದ್ದು ಆ ಪುಟ್ಟ ಸ್ಪೀಕರ್‌ನಿಂದ ಹೊರಡುವುದೇ ಇಲ್ಲ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಸಾಕು, ದುಬಾರಿಯದೇ ಬೇಕು ಅಂತಿಲ್ಲ. (ಬಾಸ್ ಅಲ್ಲ, ಬೇಸ್. ಬಾಸ್ ಆಫೀಸಿನಲ್ಲಿ ಇರುವವರು.)

ಆಮೇಲೆ ತಾಳ. ವೇಗ ನಿಮಿಷಕ್ಕೆ 170–175 ಬೀಟ್ ಇರುತ್ತದೆ. ಆ ವೇಗಕ್ಕೆ ತಲೆ ಆಡಿಸೋಕೆ ಹೋದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ ಅಷ್ಟೇ. ಅರ್ಧ ಎಣಿಸಿ. 174 ಇದ್ದರೆ 87. ಸಂಗೀತ ಪಾಠಕ್ಕೆ ಹೋದವರಿಗೆ ಇದು ಕಷ್ಟವಲ್ಲ, ಸರಳೆ ವರಸೆಯನ್ನು ಎರಡನೇ ಕಾಲದಲ್ಲಿ ಹಾಡುವಾಗಲೂ ತೊಡೆ ಮೇಲೆ ತಾಳ ಮೊದಲಿನಷ್ಟೇ ನಿಧಾನವಾಗಿ ಬೀಳುತ್ತಿರುತ್ತದೆ ಅಲ್ವಾ, ಹಾಗೆ. ಡ್ರಮ್ಮು ಎರಡನೇ ಕಾಲದಲ್ಲಿ ಓಡುತ್ತದೆ, ಬೇಸು ಮೊದಲನೇ ಕಾಲದಲ್ಲಿ ನಡೆಯುತ್ತದೆ. ನೀವು ಬೇಸಿನ ಜೊತೆ ನಡೆಯಿರಿ. ಹತ್ತು ನಿಮಿಷ ಹೀಗೆ ಕೇಳಿದರೆ ಗಲಾಟೆ ಅನ್ನಿಸಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ಚರಿತ್ರೆ. ಅದನ್ನೂ ಓದುವುದಕ್ಕಿಂತ ಕಿವಿಯಲ್ಲೇ ಹಿಡಿಯುವುದು ಒಳ್ಳೆಯದು. ದಿ ವಿನ್‌ಸ್ಟನ್ಸ್ ಅನ್ನುವ ಅಮೆರಿಕದ ಬ್ಯಾಂಡ್ 1969ರಲ್ಲಿ ಒಂದು ರೆಕಾರ್ಡ್ ತಂದಿತು. ಅದರ ಹಿಂದಿನ ಬದಿಯಲ್ಲಿ ‘ಆಮೆನ್, ಬ್ರದರ್’ ಅಂತ ಒಂದು ತುಣುಕು ಇತ್ತು. ಅದನ್ನು ಹಾಕಿ 1 ನಿಮಿಷ 26 ಸೆಕೆಂಡಿನ ಹತ್ತಿರಕ್ಕೆ ಹೋಗಿ. ಎಲ್ಲರೂ ನಿಲ್ಲಿಸುತ್ತಾರೆ, ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬರೇ ನುಡಿಸುತ್ತಾರೆ. ನಾಲ್ಕು ಆವರ್ತ, ಹೆಚ್ಚು ಕಡಿಮೆ ಏಳು ಸೆಕೆಂಡು. ಮುಗೀತು.

ಆ ಏಳು ಸೆಕೆಂಡನ್ನು ಹತ್ತು ಸಲ ಕೇಳಿ, ನಾನು ತಮಾಷೆ ಮಾಡುತ್ತಿಲ್ಲ. ಮೊದಲ ಎರಡು ಆವರ್ತ ಒಂದೇ ಥರ ಇವೆ. ಮೂರನೆಯದರಲ್ಲಿ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಒಂದು ಪೆಟ್ಟು ಬೇಕಂತಲೇ ತಡವಾಗಿ ಬೀಳುತ್ತದೆ. ನಾಲ್ಕನೆಯದರ ಮೊದಲ ಬೀಟ್ ಖಾಲಿ, ಕಾಲು ಮೆಟ್ಟಿಲು ತಪ್ಪಿದ ಹಾಗೆ, ಆಮೇಲೆ ನಾವು ಕಾಯುವುದಕ್ಕಿಂತ ಮುಂಚೆಯೇ ಜಾಂಗಟೆ ಹೊಡೆದಂತೆ ಸಿಂಬಲ್. ಈ ತಡ, ಈ ಖಾಲಿ, ಈ ಅವಸರ, ಇವುಗಳಿಗೇ ಲಂಡನ್ನಿನ ಹುಡುಗರು 20 ವರ್ಷದ ಮೇಲೆ ಮರುಳಾದದ್ದು. ಮೂಲದ ವೇಗ ಸುಮಾರು 137. ಅದನ್ನು 170ಕ್ಕೆ ಓಡಿಸಿದರೆ ಶ್ರುತಿಯೂ ಹತ್ತಿರ ಹತ್ತಿರ ನಾಲ್ಕು ಸ್ವರಸ್ಥಾನ ಮೇಲೇರುತ್ತದೆ, ಅಂದರೆ ಷಡ್ಜದಲ್ಲಿದ್ದದ್ದು ಗಾಂಧಾರದ ಕಡೆಗೆ. ಡ್ರಮ್ ಅಷ್ಟು ಚುರುಕಾಗಿ, ತೆಳ್ಳಗೆ ಕೇಳಿಸುವುದಕ್ಕೆ ಕಾರಣ ಇದೇ. ಕೆಳಗೆ ದೊಡ್ಡ ಜಾಗ ಖಾಲಿ ಬೀಳುತ್ತದೆ, ಬೇಸ್ ಬಂದು ಅಲ್ಲಿ ಕೂರುತ್ತದೆ.

ಆ ತುಣುಕನ್ನು ಕತ್ತರಿಸಿ ತಮ್ಮ ಹಾಡಿಗೆ ಹಾಕಿಕೊಳ್ಳೋಕೆ ಆ ಹುಡುಗರಿಗೆ ಇದ್ದದ್ದು ಅಕಾಯ್ ಎಸ್950 ಥರದ ಸ್ಯಾಂಪ್ಲರ್, ಅಂದರೆ ಸದ್ದನ್ನು ತುಂಬಿಕೊಂಡು ಬೇಕಾದ ಹಾಗೆ ನುಡಿಸುವ ಯಂತ್ರ. ಪೂರ್ತಿ ಹಿಗ್ಗಿಸಿದರೂ ಮೆಮೊರಿ 2.25 ಎಂಬಿ. ಅದರೊಳಗೆ ಏಳು ಸೆಕೆಂಡನ್ನು ಒಂದೊಂದು ಪೆಟ್ಟಾಗಿ ಬಿಡಿಸಿ, ಹಿಂದುಮುಂದು ಮಾಡಿ, ಮತ್ತೆ ಹೊಲಿಯಬೇಕು. ಕೋಲ್ಮನ್‌ಗೆ ಇದರಿಂದ ಒಂದು ಕಾಸೂ ಸಿಗಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರಿಗೆ ಇರಲು ಮನೆ ಇರಲಿಲ್ಲ. ಬ್ಯಾಂಡಿನ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳೇ ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟರು. ನನಗೆ ಈ ಸಂಗೀತ ಎಷ್ಟು ಇಷ್ಟವೋ ಈ ವಿಷಯ ಅಷ್ಟೇ ಚುಚ್ಚುತ್ತದೆ.

ಬೇಸ್ ಬಂದದ್ದು ಇನ್ನೊಂದು ದಾರಿಯಲ್ಲಿ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿಗೆ ಬಂದ ಜಮೈಕಾದವರು ಸೌಂಡ್ ಸಿಸ್ಟಮ್ಮನ್ನೂ ಜೊತೆಗೆ ತಂದರು. ಬೀರುವಿನಷ್ಟು ಎತ್ತರದ ಸ್ಪೀಕರ್‌ಗಳು, ಅವರ ರೆಗ್ಗೆ ಸಂಗೀತ, ಅದರದೇ ಬೇಸ್ ತುಂಬಿದ ರೂಪವಾದ ಡಬ್, ಮೈಕ್ ಹಿಡಿದು ಜನರನ್ನು ಹುರಿದುಂಬಿಸುವ ಎಂಸಿ. ಅದನ್ನು ಕೇಳುತ್ತ ಬೆಳೆದ ಮಕ್ಕಳು 1990ರ ಹೊತ್ತಿಗೆ ರೇವ್‌ಗಳಿಗೆ, ಅಂದರೆ ರಾತ್ರಿಯಿಡೀ ಕುಣಿಯುವ ಕೂಟಗಳಿಗೆ, ಹೋಗತೊಡಗಿದರು. ಲಂಡನ್ನಿನ ಹೆವನ್ ಕ್ಲಬ್ಬಿನಲ್ಲಿ ಗುರುವಾರದ ರೇಜ್ ರಾತ್ರಿಗಳಲ್ಲಿ ಫೇಬಿಯೋ ಮತ್ತು ಗ್ರೂವ್‌ರೈಡರ್ ಅನ್ನುವ ಡಿಜೆಗಳು ಬ್ರೇಕ್‌ಬೀಟ್ (ಆಮೆನ್ ಥರದ ಡ್ರಮ್ ತುಣುಕು) ರೆಕಾರ್ಡುಗಳನ್ನು ವೇಗ ಹೆಚ್ಚಿಸಿ ಹಾಕುತ್ತಿದ್ದರು. ರೆಗ್ಗೆಯ ಬೇಸ್ ಕೆಳಗೆ, ಓಡುವ ಆಮೆನ್ ಮೇಲೆ. ಇದಕ್ಕೆ ಮೊದಮೊದಲು ಜಂಗಲ್ ಅಂತ ಹೆಸರಿತ್ತು, ಡ್ರಮ್ ಆಂಡ್ ಬೇಸ್ ಅನ್ನುವುದು ಆಮೇಲೆ ಬಂತು. ಎರಡಕ್ಕೂ ಎಲ್ಲಿ ಗೆರೆ ಎಳೆಯಬೇಕು ಅನ್ನುವ ಜಗಳಕ್ಕೆ ಇಳಿಯಬೇಡಿ, ಅದು ಬಿಸಿಬೇಳೆಬಾತಿಗೆ ಆಲೂಗಡ್ಡೆ ಹಾಕಬೇಕೋ ಬೇಡವೋ ಅನ್ನುವಂಥದ್ದು.

1994ರಲ್ಲಿ ಬ್ರಿಟಿಷ್ ಸರ್ಕಾರ ಬಯಲಿನ ರೇವ್‌ಗಳ ಮೇಲೆ ಕಾನೂನು ತಂದಿತು. ಅದರಲ್ಲಿ ‘ಮರುಕಳಿಸುವ ಬೀಟ್‌ಗಳ ಸಾಲು’ ಅಂತಲೇ ಬರೆದಿದ್ದಾರೆ! ಒಂದೇ ಥರ ಮರುಕಳಿಸಬಾರದು ಅಂತ ಹಟ ಹಿಡಿದ ಡ್ರಮ್ಮಿಗೂ ಅದೇ ಮಾತು ಅನ್ವಯಿಸಿದ್ದು ನನಗೆ ಈಗಲೂ ನಗು ತರಿಸುತ್ತದೆ.

ಮುಂದೆ ಏನು ಕೇಳಬೇಕು? ವರ್ಷದ ಪ್ರಕಾರ ಹೋಗಬೇಡಿ, ಮನಸ್ಸಿನ ಪ್ರಕಾರ ಹೋಗಿ. ಆದರೆ ಗೋಲ್ಡಿಯ 1992ರ ‘ಟರ್ಮಿನೇಟರ್’ ಮಾತ್ರ ಬಿಡಬೇಡಿ, ಅದರಲ್ಲಿ ವೇಗ ಹಾಗೇ ಇದ್ದು ಡ್ರಮ್ಮಿನ ಶ್ರುತಿ ಮಾತ್ರ ಜಾರುತ್ತದೆ, ಹೊಟ್ಟೆಯಲ್ಲಿ ಏನೋ ಆದಂತಾಗುತ್ತದೆ. ಅವರದೇ 1995ರ ‘ಟೈಮ್‌ಲೆಸ್’ ಶೀರ್ಷಿಕೆ ಹಾಡು 21 ನಿಮಿಷ, ಬಸ್ ಪ್ರಯಾಣಕ್ಕೆ ಚೆನ್ನ. ಸುಮ್ನೆ ಮಳೆ ನೋಡುತ್ತ ಕೂರಬೇಕು ಅಂದರೆ ಎಲ್‌ಟಿಜೆ ಬುಕೆಮ್. ನಿಜವಾದ ವಾದ್ಯಗಳ ಜಾಝ್ ಬೇಕಿದ್ದರೆ ಬ್ರಿಸ್ಟಲ್‌ನ ರೋನಿ ಸೈಜ್ ಮತ್ತು ರೆಪ್ರಜೆಂಟ್, ಅವರ ‘ನ್ಯೂ ಫಾರ್ಮ್ಸ್’ 1997ರ ಮರ್ಕ್ಯುರಿ ಪ್ರಶಸ್ತಿ (ಬ್ರಿಟನ್ನಿನಲ್ಲಿ ವರ್ಷದ ಆಲ್ಬಮ್‌ಗೆ ಕೊಡುವುದು) ಗೆದ್ದಿತು. ಕತ್ತಲೆ ಜಾಸ್ತಿ ಬೇಕಿದ್ದರೆ ಎಡ್ ರಶ್ ಮತ್ತು ಆಪ್ಟಿಕಲ್. ಬಿಸಿಲು ಬೇಕಿದ್ದರೆ ಬ್ರೆಜಿಲ್‌ನ ಡಿಜೆ ಮಾರ್ಕಿ. ಗೋಲ್ಡಿ ಜೊತೆ ಮೆಟಲ್‌ಹೆಡ್ಜ್ ಲೇಬಲ್ ಕಟ್ಟಿದವರು ಕೆಮಿಸ್ಟ್ರಿ ಮತ್ತು ಸ್ಟಾರ್ಮ್ ಅನ್ನುವ ಇಬ್ಬರು ಹೆಂಗಸರು, ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ. ಅವರ ಮಿಕ್ಸ್ ಹುಡುಕಿ ಕೇಳಿ.

ತಬಲಾ ಕಿವಿ ಇರುವವರು ಬ್ರಿಟನ್ನಿನ ತಬಲಾ ವಾದಕ ಟಾಲ್ವಿನ್ ಸಿಂಗ್‌ರಿಂದಲೂ ಶುರು ಮಾಡಬಹುದು. ಲಂಡನ್ನಿನ ಬ್ಲೂ ನೋಟ್ ಕ್ಲಬ್ಬಿನಲ್ಲಿ ಮೆಟಲ್‌ಹೆಡ್ಜ್‌ನ ಭಾನುವಾರದ ರಾತ್ರಿಗಳು ನಡೆಯುತ್ತಿದ್ದವು, ಸಿಂಗ್ ಅವರ ಅನೋಖಾ ರಾತ್ರಿಗಳು ನಡೆದದ್ದೂ ಅದೇ ಕ್ಲಬ್ಬಿನಲ್ಲಿ. ಅವರ ‘ಓಕೆ’ ಆಲ್ಬಮ್‌ಗೆ 1999ರ ಮರ್ಕ್ಯುರಿ ಬಂತು. ತಬಲಾ ಆಮೆನ್‌ಗೆ ಎಷ್ಟು ಸಲೀಸಾಗಿ ಹೊಂದುತ್ತದೆ ಅಂತ ಕೇಳಿದ ಮೇಲೆ, ಇದು ಹೊರಗಿನವರ ಸಂಗೀತ ಅನ್ನಿಸುವುದು ಕಷ್ಟ.

ಆಲ್ಬಮ್‌ಗಳಲ್ಲೇ ನಿಂತರೆ ಅರ್ಧ ಕೇಳಿದಂತೆ. ಇದು ಡಿಜೆಗಳ ಸಂಗೀತ. 1991ರಿಂದ ಕೂಲ್ ಎಫ್‌ಎಂ ಥರದ ಕಳ್ಳ ರೇಡಿಯೋಗಳು ಎತ್ತರದ ಕಟ್ಟಡಗಳ ಮೇಲೆ ಆಂಟೆನಾ ಕಟ್ಟಿ ಪ್ರಸಾರ ಮಾಡುತ್ತಿದ್ದವು. ಜನ ಕ್ಯಾಸೆಟ್ಟಿಗೆ ತುಂಬಿಕೊಂಡದ್ದು ಈಗ ಯೂಟ್ಯೂಬಿನಲ್ಲಿದೆ, ಗರಗರ ಸದ್ದಿನ ಸಮೇತ. ಹೊಸ ಹಾಡು ಅಂಗಡಿಗೆ ಬರುವ ಎಷ್ಟೋ ಮುಂಚೆ ಡಿಜೆ ಅದನ್ನು ಡಬ್‌ಪ್ಲೇಟ್ ಅನ್ನುವ ಮೆತ್ತನೆಯ ತಟ್ಟೆಗೆ ಕೊರೆಸುತ್ತಿದ್ದ. ಕೆಲವೇ ಡಜನ್ ಸಲ ಹಾಕುವಷ್ಟರಲ್ಲಿ ಅದು ಸವೆಯುತ್ತಿತ್ತು.

ಹಾಗೆ ಕೇಳುವಾಗ ಹಾಡು ರಂಗೇರಿ ಬೇಸ್ ಬಿದ್ದ ಕೂಡಲೇ ಜನ ಕಿರುಚಿ, ಎಂಸಿ ಏನೋ ಕೂಗಿ, ಕರ್ರ್ ಅಂತ ಎಲ್ಲ ನಿಂತುಹೋಗುತ್ತದೆ. ನೆಟ್ ಹೋಯ್ತು ಅಂತ ಫೋನ್ ನೋಡಬೇಡಿ. ಅದು ರಿವೈಂಡ್, ಜಮೈಕಾದ ಸೌಂಡ್ ಸಿಸ್ಟಮ್ಮಿನಿಂದ ಬಂದ ಪದ್ಧತಿ. ಜನಕ್ಕೆ ಅಷ್ಟು ಹಿಡಿಸಿದೆ, ಡಿಜೆ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿಂದ ಹಾಕುತ್ತಾನೆ.