ಕರಗಿದ ಉಪ್ಪು ಎಲ್ಲಿಗೆ ಹೋಯಿತು? ಮಕ್ಕಳಿಗೆ ಗೊತ್ತಿದ್ದಲ್ಲಿಂದ ಪಾಠ ಕಟ್ಟುವ ಬಗೆ

ಕುಮಟಾ, ಗೋಕರ್ಣದ ಕಡೆಯ ಶಾಲೆಗಳಲ್ಲಿ ದ್ರಾವಣ ಮತ್ತು ಆವಿಯಾಗುವಿಕೆಯ ಪಾಠವನ್ನು ವ್ಯಾಖ್ಯೆ ಬರೆಸಿ ಶುರು ಮಾಡಬೇಡಿ. ಸಾಣಿಕಟ್ಟಾದ ಉಪ್ಪಿನಾಗರ ನೋಡಿದ ಮಕ್ಕಳಿಗೆ ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುವುದು ಗೊತ್ತೇ ಇರುತ್ತದೆ. ಅದೇ ಮಕ್ಕಳು ಲೋಟದಲ್ಲಿ ಕರಗಿದ ಉಪ್ಪು ಮಾಯವಾಯಿತು ಎಂದೂ ಬರೆಯಬಹುದು. ಅಲ್ಲಿಂದಲೇ ಪಾಠ ಹೊರಡಬೇಕು.

ಹಿಂದಿನ ದಿನವೇ ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. ಪ್ರಶ್ನೆ ಇಷ್ಟೇ: ಒಂದು ಲೋಟ ನೀರಿಗೆ ಉಪ್ಪು ಹಾಕಿ ಕಲಕಿದರೆ ಒಟ್ಟು ತೂಕ ಬರೀ ನೀರಿನದಕ್ಕಿಂತ ಹೆಚ್ಚುತ್ತದೆಯೇ, ಇಳಿಯುತ್ತದೆಯೇ, ನೀರಿನದಷ್ಟೇ ಇರುತ್ತದೆಯೇ? ಏಕೆ? ಐದು ನಿಮಿಷ ಸಾಕು. ಕೊಂಕಣಿಯಲ್ಲಿ ಹೇಳಿದರೂ, ಚಿತ್ರ ಬಿಡಿಸಿದರೂ ಸರಿ. ಅಂಕ ಬೇಡ, ಅಂಕವೆಂದರೆ ಮಕ್ಕಳು ತಮಗೆ ಅನಿಸಿದ್ದನ್ನು ಬಿಟ್ಟು ಮೇಷ್ಟ್ರಿಗೆ ಬೇಕಾದದ್ದನ್ನು ಬರೆಯುತ್ತಾರೆ. ಸಂಜೆ ಚೀಟಿಗಳನ್ನು ಕಾರಣದ ಪ್ರಕಾರ ಬೇರೆ ಬೇರೆ ಮಾಡಿ. ಯಾವ ಗುಂಪು ದೊಡ್ಡದೋ ಅದಕ್ಕೆ ತಕ್ಕಂತೆ ಮರುದಿನದ ಪಾಠ ಹೊಂದಿಸಿ.

ತೂಕದ ಪ್ರಯೋಗಕ್ಕೆ 100 ಮಿ.ಲೀ. ನೀರು, 10 ಗ್ರಾಂ ಉಪ್ಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ನೀರಿನ ಲೋಟ, ಉಪ್ಪಿನ ಕಾಗದ, ಚಮಚ ಮೂರನ್ನೂ ಒಟ್ಟಿಗೆ ಇಟ್ಟು ತೂಗಿ. ಕಲಕಿದ ಮೇಲೆ ಖಾಲಿ ಕಾಗದ, ಚಮಚ ಸಮೇತ ಮತ್ತೆ ತೂಗಿ. ತೂಕ ಬದಲಾಗದು, ಅಂದರೆ ನೀರಿನ ತೂಕಕ್ಕೆ ಉಪ್ಪಿನ ತೂಕವೂ ಸೇರಿಯೇ ಇರುತ್ತದೆ. ಒಂದೆರಡು ಗ್ರಾಂ ಕಡಿಮೆ ಬಂದರೆ ನೀರು ಚೆಲ್ಲಿರುತ್ತದೆ, ಇಲ್ಲವೇ ಚಮಚಕ್ಕೆ ಅಂಟಿದ ನೀರು ಮೇಜಿನ ಮೇಲೇ ಉಳಿದಿರುತ್ತದೆ. ತೂಗುವ ಮುಂಚೆ ಎಲ್ಲರಿಂದಲೂ ಊಹೆ ಬರೆಸಿಕೊಳ್ಳಿ. ಈ ಹೆಜ್ಜೆ ಬಿಟ್ಟರೆ ಫಲಿತಾಂಶ ನೋಡಿ ‘ನನಗೆ ಮೊದಲೇ ಗೊತ್ತಿತ್ತು’ ಎಂದುಬಿಡುತ್ತಾರೆ.

ಆಮೇಲೆ ಸಮುದ್ರದ ನೀರು. ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುವುದರಿಂದ 200 ಮಿ.ಲೀ. ನೀರಿಗೆ 7 ಗ್ರಾಂನಷ್ಟು ಸಿಗಬೇಕು. ಅಗಲವಾದ ಸ್ಟೀಲ್ ತಟ್ಟೆಗೆ ಹೊಯ್ದು ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ನೀರಾದರೆ ಕಡಿಮೆ ಬರುತ್ತದೆ, ಮಳೆಗಾಲದಲ್ಲಂತೂ ತೀರಾ ಕಡಿಮೆ. ಪೂರ್ತಿ ಆರದೆ ಪಸೆ ಉಳಿದರೆ ತೂಕ ಹೆಚ್ಚು ತೋರಿಸುತ್ತದೆ; ಮೆಗ್ನೀಸಿಯಂ ಲವಣಗಳು ಗಾಳಿಯ ತೇವ ಹೀರುವುದೇ ಇದಕ್ಕೆ ಕಾರಣ. ಈ ಉಪ್ಪನ್ನು ಮಕ್ಕಳು ರುಚಿ ನೋಡದಿರಲಿ.

ಆಗರದ ಮಾತು ಬಂದಾಗ ‘ಯಾರ ಮನೆಯವರು ಆಗರದಲ್ಲಿ ಕೆಲಸ ಮಾಡುತ್ತಾರೆ?’ ಎಂದು ಕೇಳಲೇಬೇಡಿ. ಮಗುವಿನ ತಿಳಿವಳಿಕೆ ಕೇಳಲು ಹೋಗಿ ಅದರ ಮನೆತನವನ್ನು ತರಗತಿಯ ಮುಂದಿಟ್ಟಂತಾಗುತ್ತದೆ. ‘ಆಗರದಲ್ಲಿ ಏನೇನು ನೋಡಿದ್ದೀರಿ?’ ಎಂದರೆ ಗೊತ್ತಿದ್ದವರು ತಾವಾಗಿ ಹೇಳುತ್ತಾರೆ. ಮಳೆ ಹಿಡಿದ ಮೇಲೆ ಉಪ್ಪು ತೆಗೆಯುವುದು ಏಕೆ ನಿಲ್ಲುತ್ತದೆ ಎಂಬುದನ್ನು ಆ ಮಕ್ಕಳೇ ವಿವರಿಸಲಿ, ನೀವು ಕೇಳಿಸಿಕೊಳ್ಳಿ.

ಅದೇ ದಿನ ಹತ್ತು ನಿಮಿಷ ಕೂತು ಬರೆದಿಡಿ: ಯಾರು ಬಾಯಿ ಬಿಡಲಿಲ್ಲ, ಯಾವ ಉತ್ತರವನ್ನು ಅವಸರದಲ್ಲಿ ನೀವೇ ಹೇಳಿಬಿಟ್ಟಿರಿ, ಯಾವ ಊಹೆ ನಿಮಗೆ ಅನಿರೀಕ್ಷಿತವಾಗಿತ್ತು. ‘ಪಾಠ ಚೆನ್ನಾಗಿ ಆಯಿತು’ ಎಂಬ ಸಾಲಿನಿಂದ ಮುಂದಿನ ಪಾಠಕ್ಕೆ ಏನೂ ಸಿಗದು. ವಾರ ಬಿಟ್ಟು ಬೆಲ್ಲದ ಪಾನಕದ ಬಗ್ಗೆ ಅದೇ ಪ್ರಶ್ನೆ ಕೇಳಿ, ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಉಪ್ಪಿಗೆ ಸರಿ ಹೇಳಿ ಬೆಲ್ಲಕ್ಕೆ ತಪ್ಪಿದ ಮಕ್ಕಳ ಕೈಗೆ ಮತ್ತೆ ತಕ್ಕಡಿ ಕೊಡಿ, ಈ ಸಲ ಅವರೇ ತೂಗಲಿ.